ಎದುರಾಳಿಯ ಪತ್ರಿಕೆಯೇ ಸಾಕ್ಷಿ: ಐಡಾ ಬಿ. ವೆಲ್ಸ್ ಅವರ ಬರವಣಿಗೆಯ ಬದುಕು

1892ರಲ್ಲಿ ಅಮೆರಿಕದಲ್ಲಿ ಗುಂಪುಹತ್ಯೆಗೆ ಬಲಿಯಾದ ಕಪ್ಪು ಜನ 160. ಕೊಲೆಯ ಆರೋಪ ಹೊತ್ತವರು 58, ಅತ್ಯಾಚಾರದ ಆರೋಪ ಹೊತ್ತವರು 46, ಅತ್ಯಾಚಾರಕ್ಕೆ ಯತ್ನಿಸಿದ ಆರೋಪದವರು 11. ಬೆಂಕಿ ಹಚ್ಚಿದ ಆರೋಪಕ್ಕೆ 6, ದರೋಡೆಗೆ 6, ಬರೀ ಜನಾಂಗ ದ್ವೇಷಕ್ಕೆ 6. ಹೆಂಗಸರನ್ನು ಅವಮಾನಿಸಿದರೆಂದು 2, ಆತ್ಮರಕ್ಷಣೆ ಮಾಡಿಕೊಂಡದ್ದಕ್ಕೆ 1, ಕಾರಣವನ್ನೇ ಹೇಳದೆ ಕೊಂದದ್ದು 4. ಪಟ್ಟಿಯ ಕೊನೆಯ ಸಾಲಿನಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ. ಅವರ ಮೇಲೆ ಯಾವ ಅಪರಾಧವನ್ನೂ ಹೊರಿಸಿರಲಿಲ್ಲ.

1893ರ ಷಿಕಾಗೋ ವಿಶ್ವಮೇಳದಲ್ಲಿ ಹಂಚಿದ ಕಿರುಹೊತ್ತಗೆಯೊಂದರಲ್ಲಿ ಅಮೆರಿಕದ ಕಪ್ಪು ಪತ್ರಕರ್ತೆ ಐಡಾ ಬಿ. ವೆಲ್ಸ್ ಈ ಪಟ್ಟಿಯನ್ನು ಅಚ್ಚು ಹಾಕಿಸಿದರು. ಅವರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅವರನ್ನು ರೈಲಿನ ಬೋಗಿಯಿಂದ ಹೊರಗೆಳೆದ ಪ್ರಸಂಗದಿಂದ ಶುರು ಮಾಡುತ್ತಾರೆ. ಅದು ದೊಡ್ಡ ಪ್ರಸಂಗವೇ ಹೌದು. ಆದರೆ ಪತ್ರಕರ್ತೆಯಾಗಿ ಅವರು ಏನು ಮಾಡಿದರು ಅನ್ನುವುದು ಗೊತ್ತಾಗಬೇಕಾದರೆ ಮೊದಲು ಈ ಪಟ್ಟಿಯನ್ನು ಓದಬೇಕು. ದಕ್ಷಿಣದ ರಾಜ್ಯಗಳ ಪತ್ರಿಕೆಗಳು, ರಾಜಕಾರಣಿಗಳು, ಪಾದ್ರಿಗಳು ಎಲ್ಲರೂ ಒಂದೇ ಮಾತು ಹೇಳುತ್ತಿದ್ದರು: ಬಿಳಿ ಹೆಂಗಸರ ಮಾನ ಕಾಪಾಡಲು ಈ ಹತ್ಯೆಗಳು ನಡೆಯುತ್ತಿವೆ ಎಂದು. ಉತ್ತರದ ಸಜ್ಜನರೂ ಅದನ್ನು ನಂಬಿದ್ದರು. 1892ರವರೆಗೆ ತಾವೂ ಹೆಚ್ಚುಕಡಿಮೆ ನಂಬಿದ್ದಾಗಿ ವೆಲ್ಸ್ ಆತ್ಮಕಥೆಯಲ್ಲಿ ಬರೆದಿದ್ದಾರೆ. ಈಗ ಕೂಡಿಸಿ ನೋಡಿ. 46ಕ್ಕೆ 11 ಸೇರಿದರೆ 57. 160ರಲ್ಲಿ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು, ಅದೂ ಬರೀ ಆರೋಪ. ಉಳಿದ ನೂರಕ್ಕೂ ಹೆಚ್ಚು ಸಾವುಗಳಲ್ಲಿ ಆ ಆರೋಪವನ್ನು ಕೊಂದವರು ಕೂಡ ಮಾಡಿರಲಿಲ್ಲ.

ಈ ಅಂಕಿಗಳು ಬಂದದ್ದು ಬಿಳಿಯರ ಒಡೆತನದ ‘ಷಿಕಾಗೋ ಟ್ರಿಬ್ಯೂನ್’ ಪತ್ರಿಕೆಯಿಂದ. ವರ್ಷವಿಡೀ ಸುದ್ದಿಯಾದ ಗುಂಪುಹತ್ಯೆಗಳನ್ನು ಆ ಪತ್ರಿಕೆ ಪಟ್ಟಿ ಮಾಡಿ ವರ್ಷಕ್ಕೊಮ್ಮೆ ಪ್ರಕಟಿಸುತ್ತಿತ್ತು. ವೆಲ್ಸ್ ಬೇಕೆಂದೇ ಅದನ್ನು ಆರಿಸಿಕೊಂಡರು. ಕಪ್ಪು ಜನರ ಪತ್ರಿಕೆಗಳಿಂದ ಲೆಕ್ಕ ತೆಗೆದಿದ್ದರೆ ಉತ್ಪ್ರೇಕ್ಷೆ ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕಬಹುದಿತ್ತು. ಎದುರಾಳಿಯೇ ಬರೆದಿಟ್ಟ ಲೆಕ್ಕವನ್ನು ಎದುರಾಳಿ ಅಲ್ಲಗಳೆಯುವುದು ಹೇಗೆ? ಸುಮಾರು ಮೂವತ್ತು ವರ್ಷ ಅವರು ಇದೇ ಪಟ್ಟು ಹಿಡಿದರು.

ಹುಟ್ಟಿದ್ದು 1862ರ ಜುಲೈ 16ರಂದು, ಮಿಸ್ಸಿಸ್ಸಿಪ್ಪಿ ರಾಜ್ಯದ ಹಾಲಿ ಸ್ಪ್ರಿಂಗ್ಸ್‌ನಲ್ಲಿ, ಗುಲಾಮರ ಮಗಳಾಗಿ. ಅಪ್ಪ ಬಡಗಿ, ಅಮ್ಮ ಅಡುಗೆಯವರು. 1878ರ ಹಳದಿ ಜ್ವರದಲ್ಲಿ ಅಪ್ಪ, ಅಮ್ಮ, ಎಳೆಗೂಸು ತಮ್ಮ ಮೂವರೂ ತೀರಿಕೊಂಡರು. ಹದಿನಾರು ವರ್ಷದ ಹುಡುಗಿ ಉಳಿದ ಒಡಹುಟ್ಟಿದವರನ್ನು ಸಾಕಲು ಪರೀಕ್ಷೆ ಕಟ್ಟಿ ಹಳ್ಳಿ ಶಾಲೆಯ ಮೇಷ್ಟರ ಕೆಲಸಕ್ಕೆ ಸೇರಿದರು. ಸಂಬಳ ತಿಂಗಳಿಗೆ 25 ಡಾಲರ್. ಕೆಲ ವರ್ಷಗಳಲ್ಲಿ ಟೆನೆಸ್ಸೀ ರಾಜ್ಯದ ಮೆಂಫಿಸ್ ನಗರಕ್ಕೆ ಬಂದರು.

1883ರಲ್ಲಿ ಹೆಂಗಸರ ಬೋಗಿಗೆ ಟಿಕೆಟ್ ಕೊಂಡು ಕೂತವರನ್ನು ಕಂಡಕ್ಟರ್ ಎಬ್ಬಿಸಿ ಹೊರಗೆ ಎಳೆದ. ಇವರು ಅವನ ಕೈ ಕಚ್ಚಿದರು, ಆಮೇಲೆ ರೈಲ್ವೆ ಕಂಪನಿಯ ಮೇಲೆ ದಾವೆ ಹೂಡಿದರು. 1884ರ ಕೊನೆಯಲ್ಲಿ ಕೆಳಗಿನ ನ್ಯಾಯಾಲಯ 500 ಡಾಲರ್ ಪರಿಹಾರ ಕೊಡಿಸಿತು. 1887ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಅದನ್ನು ತಿರುಗಿಸಿತು, ಮೇಲಿಂದ 200 ಡಾಲರಿಗೂ ಮಿಕ್ಕಿದ ಕೋರ್ಟು ಖರ್ಚು ಇವರ ತಲೆಗೇ ಬಂತು. ಈ ಮೊಕದ್ದಮೆಯ ಕಥೆಯನ್ನೇ ಅವರು ‘ದಿ ಲಿವಿಂಗ್ ವೇ’ ಅನ್ನುವ ಚರ್ಚಿನ ವಾರಪತ್ರಿಕೆಗೆ ಬರೆದರು. ಅಂಕಣ ಬರವಣಿಗೆ ಅಲ್ಲಿಂದ ಶುರುವಾಯಿತು. ಕಾವ್ಯನಾಮ ‘ಅಯೋಲಾ’.

ಆ ಕಾಲದ ಕಪ್ಪು ವಾರಪತ್ರಿಕೆಗಳ ವ್ಯವಹಾರ ಹೇಗಿತ್ತೆಂದು ಸ್ವಲ್ಪ ಹೇಳಬೇಕು. ಸಂಪಾದಕರು ತಮ್ಮ ತಮ್ಮ ಪತ್ರಿಕೆಗಳನ್ನು ಪರಸ್ಪರ ಅಂಚೆಯಲ್ಲಿ ಕಳಿಸಿಕೊಳ್ಳುತ್ತಿದ್ದರು, ಮೆಚ್ಚಿದ ಬರಹವನ್ನು ಹಾಗೇ ಎತ್ತಿ ಮರುಮುದ್ರಿಸುತ್ತಿದ್ದರು. ಮೆಂಫಿಸ್‌ನಲ್ಲಿ ಬರೆದದ್ದು ಹೀಗೆ ನ್ಯೂಯಾರ್ಕಿನವರೆಗೂ ಹೋಗುತ್ತಿತ್ತು, ಬರೆದವರಿಗೆ ಬಿಡಿಕಾಸು ಸಿಗುತ್ತಿರಲಿಲ್ಲ. ವಿಲಿಯಂ ಸಿಮನ್ಸ್ ಅನ್ನುವ ಪಾದ್ರಿ ತಮ್ಮ ಬ್ಯಾಪ್ಟಿಸ್ಟ್ ಪತ್ರಿಕೆಗೆ ವಾರಕ್ಕೊಂದು ಪತ್ರ ಬರೆಯಿರಿ, ಪತ್ರಕ್ಕೆ ಒಂದು ಡಾಲರ್ ಕೊಡುತ್ತೇನೆ ಅಂದದ್ದೇ ಅವರಿಗೆ ಬಂದ ಮೊದಲ ಸಂಭಾವನೆ. ಓದುಗರಲ್ಲಿ ಹೆಚ್ಚಿನವರು ಆಗಷ್ಟೇ ಅಕ್ಷರ ಕಲಿತವರು. ಅದಕ್ಕೆ ಚಿಕ್ಕ ಪದ ಸಾಕಾಗುವ ಕಡೆ ದೊಡ್ಡ ಪದ ಹಾಕಬಾರದೆಂದು ಅವರು ನೇಮ ಮಾಡಿಕೊಂಡಿದ್ದರು. ಮುಂದೆ ಎಷ್ಟೇ ಭೀಕರ ಸಂಗತಿ ಬರೆಯುವಾಗಲೂ ಅವರ ವಾಕ್ಯ ಏರುದನಿಗೆ ಹೋಗದಿರುವುದಕ್ಕೆ ಈ ವಾರವಾರದ ಪತ್ರಗಳ ಪಳಗಿಕೆಯೇ ಕಾರಣವೆಂದು ನನ್ನ ಅಭಿಪ್ರಾಯ.

1889ರಲ್ಲಿ ಮೆಂಫಿಸ್‌ನ ‘ಫ್ರೀ ಸ್ಪೀಚ್’ ಪತ್ರಿಕೆಯಲ್ಲಿ ಮೂರನೇ ಒಂದು ಪಾಲು ಕೊಂಡರು. ಬರೆಯುವುದಷ್ಟೇ ಆದರೆ ಬೇಡ, ಪಾಲು ಕೊಡುವುದಾದರೆ ಬರುತ್ತೇನೆ ಎಂಬುದು ಅವರ ಷರತ್ತು. ಮೂವರು ಪಾಲುದಾರರಲ್ಲಿ ಫ್ಲೆಮಿಂಗ್ ವ್ಯವಹಾರ ನೋಡಿಕೊಂಡರು, ವೆಲ್ಸ್ ಸಂಪಾದಕಿಯಾದರು. ಕಪ್ಪು ಮಕ್ಕಳ ಶಾಲೆಗಳ ದುಃಸ್ಥಿತಿಯ ಬಗ್ಗೆ ಬರೆದದ್ದಕ್ಕೆ 1891ರಲ್ಲಿ ಶಾಲಾ ಮಂಡಳಿ ಅವರನ್ನು ಕೆಲಸದಿಂದ ತೆಗೆಯಿತು. ಸಂಬಳ ನಿಂತಿತು, ಪತ್ರಿಕೆಯಿಂದಲೇ ಹೊಟ್ಟೆ ತುಂಬಬೇಕಾಯಿತು. ಚಂದಾ ಸಂಗ್ರಹಕ್ಕೆ ಮಿಸ್ಸಿಸ್ಸಿಪ್ಪಿಯ ಊರೂರು ಸುತ್ತಿದರು, ಚರ್ಚು, ಸಭೆ ಎಲ್ಲಿ ಜನ ಸೇರಿದರೂ ಹೋಗಿ ಮಾತಾಡಿದರು. 1,500ರ ಆಸುಪಾಸಿನಲ್ಲಿದ್ದ ಪ್ರಸಾರ ವರ್ಷ ತುಂಬುವ ಮೊದಲೇ 4,000ಕ್ಕೆ ಹತ್ತಿರವಾಯಿತು.

ಆಗ ಒಂದು ಪೇಚು ಎದುರಾಯಿತು. ಓದಲು ಬಾರದವರೂ ‘ಫ್ರೀ ಸ್ಪೀಚ್’ ಕೇಳಿ ಕೊಳ್ಳುತ್ತಿದ್ದರು, ಮನೆಯಲ್ಲಿ ಓದಬಲ್ಲ ಯಾರಿಂದಲೋ ಓದಿಸಿ ಕೇಳುತ್ತಿದ್ದರು. ಮಾರುವವರು ಅವರಿಗೆ ಬೇರೆ ಪತ್ರಿಕೆ ಕೊಟ್ಟು ಯಾಮಾರಿಸತೊಡಗಿದರು. ವೆಲ್ಸ್ ಪತ್ರಿಕೆಯನ್ನು ಗುಲಾಬಿ ಬಣ್ಣದ ಕಾಗದದ ಮೇಲೆ ಅಚ್ಚು ಹಾಕಿಸಿದರು. ಅಕ್ಷರ ಬಾರದಿದ್ದರೂ ಬಣ್ಣ ನೋಡಿ ಕೇಳಿ ತೆಗೆದುಕೊಳ್ಳಬಹುದಾಯಿತು. ಓದುಗರು ಅಂದರೆ ಯಾರು, ಪತ್ರಿಕೆ ಅವರ ಕೈಗೆ ಹೇಗೆ ಸೇರುತ್ತದೆ ಅನ್ನುವುದು ಗೊತ್ತಿದ್ದ ಸಂಪಾದಕಿಗೆ ಮಾತ್ರ ಹೊಳೆಯುವ ಉಪಾಯ ಇದು.

1892ರ ಮಾರ್ಚ್ 9. ಮೆಂಫಿಸ್‌ನ ಅಂಚಿನಲ್ಲಿ ಟ್ರಾಮ್ ಹಳಿ ತಿರುಗುವ ‘ಕರ್ವ್’ ಅನ್ನುವ ಜಾಗದಲ್ಲಿ ಪೀಪಲ್ಸ್ ಗ್ರೋಸರಿ ಅನ್ನುವ ದಿನಸಿ ಅಂಗಡಿ ಇತ್ತು. ಕಪ್ಪು ಜನ ಕೂಡಿ ಬಂಡವಾಳ ಹಾಕಿ ನಡೆಸುತ್ತಿದ್ದ ಅಂಗಡಿ. ಅದೇ ಕಡೆ ಬಿಳಿಯನೊಬ್ಬನ ಅಂಗಡಿಗೆ ಅಲ್ಲಿಯವರೆಗೆ ಪೈಪೋಟಿಯೇ ಇರಲಿಲ್ಲ. ಜಗಳ ಹೊತ್ತಿತು, ರಾತ್ರಿ ಗುಂಡು ಹಾರಿತು, ಬಂಧನಗಳಾದವು. ಥಾಮಸ್ ಮಾಸ್, ಕ್ಯಾಲ್ವಿನ್ ಮೆಕ್‌ಡೊವೆಲ್, ವಿಲ್ ಸ್ಟುವರ್ಟ್ ಮೂವರನ್ನೂ ಗುಂಪೊಂದು ಜೈಲಿನಿಂದ ಎಳೆದೊಯ್ದು ಗುಂಡಿಟ್ಟು ಕೊಂದಿತು. ಮಾಸ್ ಅಂಚೆಯವರು, ವೆಲ್ಸ್ ಅವರ ಆಪ್ತ ಸ್ನೇಹಿತರು. ಅವರ ಮಗಳಿಗೆ ವೆಲ್ಸ್ ಧರ್ಮಮಾತೆ.

ಇಲ್ಲಿ ಅತ್ಯಾಚಾರದ ಮಾತೇ ಇರಲಿಲ್ಲ. ಸತ್ತವರು ಮಾಡಿದ ತಪ್ಪೆಂದರೆ ಚೆನ್ನಾಗಿ ಅಂಗಡಿ ನಡೆಸಿದ್ದು. ಹಾಗಾದರೆ ಉಳಿದ ಹತ್ಯೆಗಳ ನಿಜ ಏನು ಅನ್ನುವ ಪ್ರಶ್ನೆ ವೆಲ್ಸ್ ಅವರಲ್ಲಿ ಹುಟ್ಟಿದ್ದು ಈ ಸಾವಿನಿಂದ.

ತಕ್ಷಣ ಅವರು ಮಾಡಿದ್ದು ಮಾತ್ರ ದುಡ್ಡಿನ ಪೆಟ್ಟು ಕೊಡುವ ಕೆಲಸ. ನಮ್ಮ ಜೀವ ಕಾಯದ ಊರನ್ನು ಬಿಟ್ಟು ಹೋಗೋಣ ಎಂದು ಬರೆದರು. ಜನ ಸಂಸಾರ ಕಟ್ಟಿಕೊಂಡು ಒಕ್ಲಹಾಮದ ಕಡೆ ಹೊರಟರು. ಉಳಿದವರು ಟ್ರಾಮ್ ಹತ್ತುವುದನ್ನು ಬಿಟ್ಟರು. ಆರು ವಾರಗಳಲ್ಲಿ ಟ್ರಾಮ್ ಕಂಪನಿಯ ಇಬ್ಬರು ಅಧಿಕಾರಿಗಳು ‘ಫ್ರೀ ಸ್ಪೀಚ್’ ಕಚೇರಿಗೇ ಬಂದು, ನಿಮ್ಮ ಜನರಿಗೆ ವಿದ್ಯುತ್ ಟ್ರಾಮಿನ ಭಯವೇನೋ, ನೀವು ತಿಳಿಹೇಳಿ ಎಂದು ಕೇಳಿಕೊಂಡರು. ವೆಲ್ಸ್ ಅವರ ಜೊತೆ ನಡೆದ ಮಾತುಕತೆಯನ್ನು ಹಾಗೇ ಪತ್ರಿಕೆಯಲ್ಲಿ ಹಾಕಿ, ಇನ್ನೂ ಬಿಗಿಯಾಗಿ ಹಿಡಿಯಿರಿ ಎಂದು ಬರೆದರು. ಬಿಳಿಯರ ಪತ್ರಿಕೆಗಳು ಒಕ್ಲಹಾಮದಲ್ಲಿ ಹಸಿವು, ಕಷ್ಟ ಎಂದು ಹೆದರಿಸತೊಡಗಿದಾಗ ತಾವೇ ಅಲ್ಲಿಗೆ ಹೋಗಿ ಮೂರು ವಾರ ಓಡಾಡಿ ಕಂಡದ್ದನ್ನು ಕಂಡ ಹಾಗೆ ಬರೆದು ಕಳಿಸಿದರು. ಜನಕ್ಕೆ ಹೋಗಿ ಎಂದು ಹೇಳಿದ ಮೇಲೆ ಹೋಗುವ ಜಾಗ ಹೇಗಿದೆ ಎಂದು ನೋಡಿ ಬರುವುದೂ ಸಂಪಾದಕಿಯ ಹೊಣೆ ಎಂದು ಅವರು ತಿಳಿದಿದ್ದರು.

ಮೇ 21ರ ಸಂಚಿಕೆಯಲ್ಲಿ ಅವರು ಬರೆದ ಸಂಪಾದಕೀಯ ಕೆಲವೇ ಸಾಲುಗಳದ್ದು. ಹಿಂದಿನ ಸಂಚಿಕೆಯ ನಂತರ ಎಂಟು ಮಂದಿ ಹತರಾಗಿದ್ದಾರೆ. ಕಪ್ಪು ಗಂಡಸರು ಬಿಳಿ ಹೆಂಗಸರ ಮೇಲೆ ಬೀಳುತ್ತಾರೆ ಎಂಬ ಹಳಸಲು ಸುಳ್ಳನ್ನು ಈ ಭಾಗದಲ್ಲಿ ಯಾರೂ ನಂಬುವುದಿಲ್ಲ. ದಕ್ಷಿಣದ ಬಿಳಿಯರು ಇದನ್ನೇ ಎಳೆಯುತ್ತ ಹೋದರೆ ಜನ ತೀರ್ಮಾನಕ್ಕೆ ಬರುತ್ತಾರೆ, ಆಗ ಅವರ ಹೆಂಗಸರ ಹೆಸರಿಗೇ ಧಕ್ಕೆ ಬರುತ್ತದೆ. ಇದಿಷ್ಟು ಸಾರಾಂಶ. ಬಿಳಿ ಹೆಂಗಸು ತಾನಾಗಿ ಕಪ್ಪು ಗಂಡಸನ್ನು ಇಷ್ಟಪಟ್ಟಿರಬಹುದು ಅನ್ನುವ ಸೂಚನೆಯೇ ಬಿಳಿಯರನ್ನು ಕೆರಳಿಸಿದ್ದು. ಮೆಂಫಿಸ್‌ನ ದಿನಪತ್ರಿಕೆಗಳು ಬರೆದವನು ಗಂಡಸೇ ಇರಬೇಕೆಂದುಕೊಂಡು, ಅವನನ್ನು ಕಂಬಕ್ಕೆ ಕಟ್ಟಿ ಬರೆ ಹಾಕಿ ದರ್ಜಿಯ ಕತ್ತರಿಯಿಂದ ಅಂಗಚ್ಛೇದ ಮಾಡಬೇಕೆಂದು ಬಹಿರಂಗವಾಗಿ ಬರೆದವು. ಮುದ್ರಣಾಲಯ ಧ್ವಂಸವಾಯಿತು, ಫ್ಲೆಮಿಂಗ್ ಊರು ಬಿಟ್ಟು ಓಡಬೇಕಾಯಿತು. ವೆಲ್ಸ್ ಆಗ ಪೂರ್ವದ ನಗರಗಳ ಪ್ರವಾಸದಲ್ಲಿದ್ದರು. ಮರಳಿದರೆ ಕೊಲ್ಲುತ್ತೇವೆ ಎಂಬ ಬೆದರಿಕೆ ಅವರಿಗೆ ನ್ಯೂಯಾರ್ಕಿನಲ್ಲಿ ತಲುಪಿತು.

ಕೈಯಲ್ಲಿ ಉಳಿದಿದ್ದ ಆಸ್ತಿ ಅಂದರೆ ‘ಫ್ರೀ ಸ್ಪೀಚ್’ನ ಚಂದಾದಾರರ ಪಟ್ಟಿ ಒಂದೇ. ಅದನ್ನು ಕೊಟ್ಟು ‘ನ್ಯೂಯಾರ್ಕ್ ಏಜ್’ ಪತ್ರಿಕೆಯಲ್ಲಿ ನಾಲ್ಕನೇ ಒಂದು ಪಾಲು ಪಡೆದರು. ಜೂನ್ 25ರ ಸಂಚಿಕೆಯ ಮುಖಪುಟದಲ್ಲಿ ಏಳು ಅಂಕಣ ತುಂಬ ಅವರ ಲೇಖನ ಬಂತು. ಹೆಸರು, ತಾರೀಕು, ಊರು ಸಮೇತ. ಆ ಸಂಚಿಕೆಯ 10,000 ಪ್ರತಿಗಳನ್ನು ದೇಶದ ತುಂಬ ಹಂಚಿದರು, ಅದರಲ್ಲಿ ಸಾವಿರ ಪ್ರತಿ ಮೆಂಫಿಸ್ ಬೀದಿಗಳಲ್ಲೇ ಖರ್ಚಾದವು. ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಲಿರಿಕ್ ಹಾಲ್‌ನಲ್ಲಿ ಕಪ್ಪು ಹೆಂಗಸರು ಸಭೆ ಸೇರಿಸಿ 500 ಡಾಲರ್ ಕೂಡಿಸಿದರು, ಲೇಖನಿಯ ಆಕಾರದ ಚಿನ್ನದ ಪಿನ್ನೊಂದನ್ನು ಉಡುಗೊರೆ ಕೊಟ್ಟರು. ‘ಸದರ್ನ್ ಹಾರರ್ಸ್’ ಎಂಬ ಕಿರುಹೊತ್ತಗೆ ಅಚ್ಚಾದದ್ದು ಆ ದುಡ್ಡಿನಿಂದ. ಬೆಲೆ 15 ಸೆಂಟ್. ಎಂಟು ವರ್ಷಗಳ 728 ಹತ್ಯೆಗಳಲ್ಲಿ ಅತ್ಯಾಚಾರದ ಆರೋಪವಿದ್ದದ್ದು ಮೂರನೇ ಒಂದು ಪಾಲಿಗೆ ಮಾತ್ರ ಎಂದು ಅದರಲ್ಲಿ ಮೊದಲ ಬಾರಿಗೆ ಲೆಕ್ಕ ಕೊಟ್ಟರು. 1895ರ ‘ದಿ ರೆಡ್ ರೆಕಾರ್ಡ್’ ಇದನ್ನೇ ನೂರು ಪುಟಕ್ಕೆ ಬೆಳೆಸಿತು.

ಅವರ ಕೆಲಸದ ಕ್ರಮ ಹೀಗಿತ್ತು. ಮೊದಲು ವರ್ಷದ ಪಟ್ಟಿಯನ್ನು ತೆಗೆದುಕೊಂಡು ಆರೋಪದ ಪ್ರಕಾರ ವಿಂಗಡಿಸುವುದು. ಆಮೇಲೆ ಒಂದೊಂದೇ ಪ್ರಕರಣ ಹಿಡಿದು ಅದೇ ಊರಿನ ಬಿಳಿಯರ ಪತ್ರಿಕೆಯಲ್ಲಿ ಮೊದಲ ದಿನ ಏನು ಬರೆದಿತ್ತು, ವಾರದ ಮೇಲೆ ಏನಾಯಿತು ಎಂದು ಹೋಲಿಸುವುದು. ಗುಂಪುಹತ್ಯೆಯ ಸುದ್ದಿಯಲ್ಲಿ ತಪ್ಪು ನುಸುಳುವುದು ಮೊದಲ ತಂತಿ ಸಂದೇಶದಲ್ಲೇ. ಕೊಂದವರು ಹೇಳಿದ ಕಾರಣವನ್ನೇ ವರದಿಗಾರ ತಂತಿ ಹೊಡೆಯುತ್ತಾನೆ, ಸತ್ತವನು ತಿದ್ದಲಾರ, ಊರಿನ ಕಪ್ಪು ಜನ ಬಾಯಿ ಬಿಡಲಾರರು. ಅದಕ್ಕೇ ಮೂರನೆಯ ಹೆಜ್ಜೆ: ಸ್ಥಳಕ್ಕೆ ಹೋಗುವುದು, ಹೋಗಲಾಗದಿದ್ದರೆ ಹೋಗಬಲ್ಲವರನ್ನು ಕಳಿಸುವುದು. 1899ರಲ್ಲಿ ಜಾರ್ಜಿಯಾದ ನ್ಯೂನನ್ ಬಳಿ ಸ್ಯಾಮ್ ಹೋಸ್ ಅನ್ನುವ ಕೂಲಿಯಾಳನ್ನು ಸಾವಿರಾರು ಜನರೆದುರು ಜೀವಂತ ಸುಟ್ಟರು. ಷಿಕಾಗೋದ ಕಪ್ಪು ಜನ ಚಂದಾ ಎತ್ತಿ ಲೆ ವಿನ್ ಅನ್ನುವ ಬಿಳಿ ಪತ್ತೇದಾರರನ್ನು ಅಲ್ಲಿಗೆ ಕಳಿಸಿದರು. ಬಿಳಿಯರ ಬಾಯಿಂದಲೇ ಕೇಳಿ ಬಂದ ಅವರ ವರದಿಯಲ್ಲಿದ್ದದ್ದು: ಜಗಳ ಹುಟ್ಟಿದ್ದು ಕೂಲಿ ದುಡ್ಡಿಗೆ, ಮಾಲೀಕ ಪಿಸ್ತೂಲು ತೆಗೆದಾಗ ಹೋಸ್ ಕೊಡಲಿ ಎಸೆದ, ಮಾಲೀಕನ ಹೆಂಡತಿಯನ್ನು ಅವನು ಮುಟ್ಟಿರಲೇ ಇಲ್ಲ. ವೆಲ್ಸ್ ಆ ವರದಿಯನ್ನು ಪತ್ರಿಕೆಗಳ ಸುದ್ದಿಯ ಪಕ್ಕದಲ್ಲಿ ಇಟ್ಟು ಪ್ರಕಟಿಸಿದರು.

ಅವರನ್ನು ಸ್ತ್ರೀವಾದಿ ಎಂದು ಕರೆಯುವುದು ಬರೀ ಮತದಾನದ ಹೋರಾಟದಿಂದಲ್ಲ. ‘ಸದರ್ನ್ ಹಾರರ್ಸ್’ನಲ್ಲೇ ಅದರ ಬೇರಿದೆ. ನ್ಯಾಷ್‌ವಿಲ್ ಜೈಲಿನಿಂದ ಬಿಳಿ ಹೆಂಗಸಿನ ಮೇಲಿನ ಅತ್ಯಾಚಾರದ ಆರೋಪವಿದ್ದ ಕಪ್ಪು ಗಂಡಸನ್ನು ಹೊರಗೆಳೆದು ಕೊಂದರು. ಅದೇ ಹೊತ್ತಿಗೆ, ಅದೇ ಜೈಲಿನಲ್ಲಿ, ಎಂಟು ವರ್ಷದ ಕಪ್ಪು ಹುಡುಗಿಯ ಮೇಲೆ ಅತ್ಯಾಚಾರ ಮಾಡಿದ ಬಿಳಿಯನಿದ್ದ. ಅವನ ಕೂದಲೂ ಕೊಂಕಲಿಲ್ಲ. ಈ ಎರಡನ್ನೂ ಒಟ್ಟಿಗಿಟ್ಟು ಅವರು ತೋರಿಸಿದ್ದು ಇಷ್ಟು: ಹೆಣ್ಣಿನ ಮಾನದ ರಕ್ಷಣೆ ಅನ್ನುವ ಮಾತಿನಲ್ಲಿ ಕಪ್ಪು ಹೆಣ್ಣು ಲೆಕ್ಕಕ್ಕೇ ಇಲ್ಲ, ಬಿಳಿ ಹೆಣ್ಣಿಗೆ ತನ್ನ ಇಷ್ಟ ಎನ್ನುವುದು ಇರಕೂಡದು. ಇಬ್ಬರ ಮೈಮೇಲಿನ ಹಕ್ಕೂ ಬಿಳಿ ಗಂಡಸಿನ ಕೈಯಲ್ಲಿ. 1892ರಲ್ಲಿ ಇದನ್ನು ಇಷ್ಟು ಸ್ಪಷ್ಟವಾಗಿ ಅಚ್ಚಿನಲ್ಲಿ ಹೇಳಿದವರು ತೀರಾ ವಿರಳ.

ಮಹಿಳಾ ಚಳವಳಿಯ ಜೊತೆಗೇ ಜಟಾಪಟಿ ಆದದ್ದು ಇದರಿಂದಲೇ. 1893ರಲ್ಲಿ ಮತ್ತು 1894ರಲ್ಲಿ ಅವರು ಬ್ರಿಟನ್ನಿಗೆ ಹೋದರು. ಮೊದಲ ಸಲ ಕರೆಸಿದವರಲ್ಲಿ ಒಬ್ಬರು ‘ಆ್ಯಂಟಿ-ಕಾಸ್ಟ್’ ಅನ್ನುವ ಪತ್ರಿಕೆ ನಡೆಸುತ್ತಿದ್ದ ಕ್ಯಾಥರೀನ್ ಇಂಪೀ. ದಕ್ಷಿಣದ ಹತ್ತಿಗೆ ಬ್ರಿಟನ್ ದೊಡ್ಡ ಗಿರಾಕಿ, ದಕ್ಷಿಣಕ್ಕೆ ಬ್ರಿಟಿಷ್ ಬಂಡವಾಳ ಬೇಕು, ಅಲ್ಲಿನ ಪತ್ರಿಕೆಗಳು ಮಾತಾಡಿದರೆ ಮೆಂಫಿಸ್‌ನ ವ್ಯಾಪಾರಿಗಳು ಕಿವಿಗೊಡುತ್ತಾರೆ. ಟ್ರಾಮ್ ಬಹಿಷ್ಕಾರದ ತರ್ಕವೇ ಇನ್ನೂ ದೊಡ್ಡ ಪ್ರಮಾಣದಲ್ಲಿ. ಎರಡನೇ ಪ್ರವಾಸದಲ್ಲಿ ಷಿಕಾಗೋದ ‘ಡೈಲಿ ಇಂಟರ್ ಓಷನ್’ ಅನ್ನುವ ಬಿಳಿಯರ ದಿನಪತ್ರಿಕೆಗೆ ಸಂಭಾವನೆ ಪಡೆದು ಅಂಕಣ ಬರೆದರು. ಸಭೆಗಳಲ್ಲಿ ಅವರಿಗೆ ಪದೇ ಪದೇ ಎದುರಾದ ಪ್ರಶ್ನೆ: ಪಾನನಿರೋಧ ಚಳವಳಿಯ ಮಹಾನಾಯಕಿ ಫ್ರಾನ್ಸಿಸ್ ವಿಲ್ಲಾರ್ಡ್ ಇದರ ಬಗ್ಗೆ ಏನನ್ನುತ್ತಾರೆ? ವಿಲ್ಲಾರ್ಡ್ 1890ರ ಸಂದರ್ಶನವೊಂದರಲ್ಲಿ ಕಪ್ಪು ಜನ ಮಿಡತೆಗಳ ಹಾಗೆ ಹೆಚ್ಚುತ್ತಿದ್ದಾರೆ, ಹೆಂಗಸರು ಮಕ್ಕಳ ಸುರಕ್ಷತೆಗೆ ಸಾವಿರ ಕಡೆ ಕುತ್ತು ಎಂಬರ್ಥದಲ್ಲಿ ಮಾತಾಡಿದ್ದರು. ವೆಲ್ಸ್ ಆ ಸಂದರ್ಶನವನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು. ಬ್ರಿಟನ್ನಿನ ಪತ್ರಿಕೆಯೊಂದರಲ್ಲಿ ಮರುಮುದ್ರಿಸಿದರು, ಅದೂ ವಿಲ್ಲಾರ್ಡ್ ಅಲ್ಲೇ ಅತಿಥಿಯಾಗಿದ್ದಾಗ. ಇದರಿಂದ ಅವರಿಗೆ ಸಿಟ್ಟಿನ ಹೆಂಗಸು, ಒಗ್ಗಟ್ಟು ಮುರಿಯುವವರು ಎಂಬ ಹೆಸರು ಬಂತು. ಹಲವು ಬಾಗಿಲುಗಳು ಮುಚ್ಚಿದವು. ಆದರೂ ನನ್ನ ಮಟ್ಟಿಗೆ ಅವರು ಮಾಡಿದ್ದು ಸರಿ. ತನ್ನ ಪಕ್ಷದವರ ಮಾತನ್ನು ಮುಚ್ಚಿಟ್ಟು ಎದುರಾಳಿಯ ಮಾತನ್ನಷ್ಟೇ ಸಾಕ್ಷಿಯಾಗಿ ಎತ್ತಿ ಹಿಡಿದಿದ್ದರೆ ಅವರ ಲೆಕ್ಕಕ್ಕೆ ಬೆಲೆ ಉಳಿಯುತ್ತಿರಲಿಲ್ಲ.

1895ರಲ್ಲಿ ಷಿಕಾಗೋದ ವಕೀಲ, ಪತ್ರಿಕೆಯ ಸಂಪಾದಕ ಫರ್ಡಿನಂಡ್ ಬಾರ್ನೆಟ್ ಅವರನ್ನು ಮದುವೆಯಾದರು. ವೆಲ್ಸ್-ಬಾರ್ನೆಟ್ ಎಂದು ತಮ್ಮ ಹೆಸರನ್ನು ಉಳಿಸಿಕೊಂಡರು, ಗಂಡನ ‘ಕನ್ಸರ್ವೇಟರ್’ ಪತ್ರಿಕೆಯ ಸಂಪಾದಕತ್ವ ವಹಿಸಿಕೊಂಡರು. ಮರುವರ್ಷ ಎಳೆಗೂಸು ಎತ್ತಿಕೊಂಡೇ ಇಲಿನಾಯ್ ರಾಜ್ಯದಲ್ಲಿ ಭಾಷಣಕ್ಕೆ ಹೊರಟರು. ಹೋದ ಊರಿನಲ್ಲೆಲ್ಲ ಮಗುವನ್ನು ನೋಡಿಕೊಳ್ಳಲು ದಾದಿಯನ್ನು ಒದಗಿಸಬೇಕು ಎಂಬುದು ಒಪ್ಪಂದ. ಅವರನ್ನು ಮೆಚ್ಚುತ್ತಿದ್ದ, ಮಹಿಳಾ ಮತದಾನ ಚಳವಳಿಯ ನಾಯಕಿ ಸೂಸನ್ ಆಂಟನಿ ಕೂಡ ಮದುವೆಯಾದ ಮೇಲೆ ನಿಮ್ಮ ಮನಸ್ಸು ಎರಡು ಕಡೆ ಹಂಚಿಹೋಗಿದೆ ಎಂದು ನೊಂದುಕೊಂಡರಂತೆ. ಮಗುವನ್ನು ಬಿಟ್ಟು ಬರಲು ಮನೆಯಲ್ಲಿ ಆಳುಕಾಳಿಲ್ಲದ ಹೆಂಗಸಿಗೆ ಚಳವಳಿ ಏನು ಅನುಕೂಲ ಮಾಡಿಕೊಡಬೇಕು ಅನ್ನುವ ಪ್ರಶ್ನೆಗೆ ಆ ದಾದಿಯ ಷರತ್ತೇ ಉತ್ತರವಾಗಿತ್ತು.

ಕಾನೂನನ್ನು ಹೇಗೆ ಬಳಸಬೇಕು ಅನ್ನುವುದಕ್ಕೆ 1909ರ ಕೈರೋ ಪ್ರಕರಣ ನೋಡಬೇಕು. ಇದು ಈಜಿಪ್ಟಿನ ಕೈರೋ ಅಲ್ಲ, ಇಲಿನಾಯ್ ರಾಜ್ಯದ ದಕ್ಷಿಣ ತುದಿಯ ಊರು. ಅಲ್ಲಿ ವಿಲಿಯಂ ಜೇಮ್ಸ್ ಅನ್ನುವವರನ್ನು ಗುಂಪು ಶೆರಿಫ್ (ಜಿಲ್ಲೆಯ ಪೊಲೀಸ್ ಮುಖ್ಯಸ್ಥ) ಫ್ರಾಂಕ್ ಡೇವಿಸ್ ಕೈಯಿಂದ ಕಿತ್ತುಕೊಂಡು ಕೊಂದಿತ್ತು. 1905ರ ಕಾಯಿದೆಯ ಪ್ರಕಾರ ಕೈದಿಯನ್ನು ಗುಂಪಿಗೆ ಬಿಟ್ಟುಕೊಟ್ಟ ಶೆರಿಫ್‌ನ ಹುದ್ದೆ ತಾನಾಗಿಯೇ ಹೋಗುತ್ತದೆ. ಆದರೆ ರಾಜ್ಯಪಾಲರ ಮುಂದೆ ಅರ್ಜಿ ಹಾಕಿ, ಕೈಲಾದದ್ದನ್ನೆಲ್ಲ ಮಾಡಿದೆ ಎಂದು ತೋರಿಸಿದರೆ ಹುದ್ದೆ ಮರಳಿ ಸಿಗುತ್ತದೆ. ವೆಲ್ಸ್ ಊರಿಗೆ ಹೋದಾಗ ಅಲ್ಲಿನ ಕಪ್ಪು ಜನರೇ ಡೇವಿಸ್ ಪರ ಇದ್ದರು. ಕಪ್ಪು ಜನರನ್ನೂ ಕೆಲಸಕ್ಕೆ ಇಟ್ಟುಕೊಂಡಿದ್ದ ಮನುಷ್ಯ ಅವನು. ವೆಲ್ಸ್ ಮನೆಮನೆ ತಿರುಗಿದರು, ಹತ್ಯೆಯಾದ ಜಾಗ ನೋಡಿದರು, ಸಭೆ ಕರೆದು ಒಂದೇ ವಿಷಯ ಮುಂದಿಟ್ಟರು: ಡೇವಿಸ್ ಒಳ್ಳೆಯವನೋ ಕೆಟ್ಟವನೋ ಅನ್ನುವುದು ಪ್ರಶ್ನೆಯಲ್ಲ, ಇವನಿಗೆ ಹುದ್ದೆ ವಾಪಸ್ ಕೊಟ್ಟರೆ ಮುಂದಿನ ಗುಂಪಿಗೆ ಹೆದರಿಕೆ ಇರುವುದಿಲ್ಲ. ಸಹಿ ಸಂಗ್ರಹಿಸಿಕೊಂಡು ಸ್ಪ್ರಿಂಗ್‌ಫೀಲ್ಡ್‌ನಲ್ಲಿ ರಾಜ್ಯಪಾಲರ ವಿಚಾರಣೆಯಲ್ಲಿ ವಾದ ಮಂಡಿಸಿದರು. ರಾಜ್ಯಪಾಲ ಡೆನೀನ್ ಅರ್ಜಿ ತಳ್ಳಿಹಾಕಿದರು. ಮುಂದಿನ ವರ್ಷ ಅದೇ ಕೈರೋ ಜೈಲಿಗೆ ಗುಂಪು ನುಗ್ಗಿದಾಗ ಹೊಸ ಶೆರಿಫ್‌ನ ಸಿಬ್ಬಂದಿ ಗುಂಡು ಹಾರಿಸಿ ಹಿಮ್ಮೆಟ್ಟಿಸಿದರು.

ಮತದಾನದ ಕೆಲಸದಲ್ಲೂ ಇದೇ ಬಗೆ. 1913ರ ಜನವರಿಯಲ್ಲಿ ಕಪ್ಪು ಹೆಂಗಸರ ಮತದಾನದ ಹಕ್ಕಿಗಾಗಿ ಆಲ್ಫಾ ಸಫ್ರೇಜ್ ಕ್ಲಬ್ ಕಟ್ಟಿದರು. ಮಾರ್ಚ್ 3ರಂದು ವಾಷಿಂಗ್ಟನ್ನಿನಲ್ಲಿ ನಡೆದ ಮಹಿಳಾ ಮತದಾನದ ಮೆರವಣಿಗೆಯಲ್ಲಿ ಕಪ್ಪು ಹೆಂಗಸರು ಹಿಂದೆ ನಡೆಯಬೇಕು ಎಂದು ಹೇಳಿದಾಗ ಜನಜಂಗುಳಿಯಲ್ಲಿ ಕಾದಿದ್ದು, ಇಲಿನಾಯ್ ತಂಡ ಬಂದ ಕೂಡಲೇ ಇಬ್ಬರು ಬಿಳಿ ಗೆಳತಿಯರ ನಡುವೆ ಸೇರಿಕೊಂಡು ನಡೆದ ಸಂಗತಿ ಎಲ್ಲರಿಗೂ ಗೊತ್ತು. ಅದಕ್ಕಿಂತ ಫಲ ಕೊಟ್ಟದ್ದು ಷಿಕಾಗೋದ ಎರಡನೇ ವಾರ್ಡಿನಲ್ಲಿ ಕ್ಲಬ್ಬಿನ ಹೆಂಗಸರು ಬೀದಿಬೀದಿ ಹಂಚಿಕೊಂಡು ಮತದಾರರ ನೋಂದಣಿ ಮಾಡಿಸಿದ ಕೆಲಸ. ಮನೆಗೆ ಹೋಗಿ ಮಕ್ಕಳನ್ನು ನೋಡಿಕೊಳ್ಳಿ ಎಂದು ಗಂಡಸರು ಗೇಲಿ ಮಾಡುತ್ತಿದ್ದರು. 1915ರಲ್ಲಿ ಆಸ್ಕರ್ ಡಿ ಪ್ರೀಸ್ಟ್ ನಗರಸಭೆಯ ಮೊದಲ ಕಪ್ಪು ಸದಸ್ಯರಾಗಿ ಗೆದ್ದದ್ದರಲ್ಲಿ ಈ ನೋಂದಣಿಯ ಪಾಲು ದೊಡ್ಡದು.

1919ರ ಶರತ್ಕಾಲದಲ್ಲಿ ಆರ್ಕಾನ್ಸಾ ರಾಜ್ಯದ ಎಲೈನ್ ಬಳಿ ಗೇಣಿದಾರರು ಹತ್ತಿಗೆ ನ್ಯಾಯವಾದ ಬೆಲೆ ಕೇಳಲು ಸಂಘ ಕಟ್ಟಿದರು. ಸಭೆಯ ಮೇಲೆ ಗುಂಡು ಹಾರಿತು, ಮುಂದೆ ಅಸಂಖ್ಯ ಕಪ್ಪು ಜನರ ಕೊಲೆಯಾಯಿತು, ಗಲ್ಲು ಶಿಕ್ಷೆಯಾದದ್ದು ಮಾತ್ರ ಹನ್ನೆರಡು ಕಪ್ಪು ರೈತರಿಗೆ. ವೆಲ್ಸ್‌ಗೆ ಆಗ 57 ವರ್ಷ. ಲಿಟಲ್ ರಾಕ್ ಜೈಲಿಗೆ ಕೈದಿಗಳ ಹೆಂಡತಿಯರ ಜೊತೆ ನೆಂಟರ ಹಾಗೆ ಹೋದರು. ಕಾವಲುಗಾರ ಅವರತ್ತ ನೋಡಲೂ ಇಲ್ಲ. ಕೈದಿಗಳು ಸಾವು, ಸ್ವರ್ಗ ಎಂದು ಹಾಡುತ್ತಿದ್ದುದನ್ನು ಕೇಳಿ, ಸಾಯುವ ಮಾತು ಸಾಕು, ಬಿಡುಗಡೆಗೆ ಪ್ರಾರ್ಥಿಸಿ ಎಂದರು. ಒಬ್ಬೊಬ್ಬರಿಂದಲೂ ಎಷ್ಟು ಎಕರೆ ಹತ್ತಿ, ಎಷ್ಟು ಎಕರೆ ಮೆಕ್ಕೆಜೋಳ, ಎಷ್ಟು ದನ, ಹಂದಿ, ಮನೆ ಸಾಮಾನು ಇತ್ತೆಂದು ಬರೆದುಕೊಂಡರು. ದಂಗೆಯಿಂದ ಲಾಭ ಯಾರಿಗೆ ಅನ್ನುವುದು ಆ ಲೆಕ್ಕದಲ್ಲಿತ್ತು: ಬೆಳೆ ಜಮೀನುದಾರರ ಪಾಲಾಗಿತ್ತು. 1920ರಲ್ಲಿ ಅದನ್ನೆಲ್ಲ ಕಿರುಹೊತ್ತಗೆಯಾಗಿ ಪ್ರಕಟಿಸಿದರು. ಬೇರೆ ಸಂಘಟನೆ, ಬೇರೆ ವಕೀಲರು ನಡೆಸಿದ ಮೊಕದ್ದಮೆಯಲ್ಲಿ 1923ರಲ್ಲಿ ದೇಶದ ಸುಪ್ರೀಂ ಕೋರ್ಟು, ಗುಂಪಿನ ಒತ್ತಡದಲ್ಲಿ ನಡೆದ ವಿಚಾರಣೆ ವಿಚಾರಣೆಯೇ ಅಲ್ಲ ಎಂಬ ತೀರ್ಪು ಕೊಟ್ಟಿತು. ಹನ್ನೆರಡೂ ಮಂದಿ ಬದುಕಿ ಹೊರಬಂದರು.

1930ರಲ್ಲಿ ಇಲಿನಾಯ್ ರಾಜ್ಯದ ಸೆನೆಟ್‌ಗೆ ನಿಂತು ಸೋತರು. 1931ರ ಮಾರ್ಚ್ 25ರಂದು ತೀರಿಕೊಂಡರು. ಅಷ್ಟು ಹೊತ್ತಿಗಾಗಲೇ ಕಪ್ಪು ಜನರ ಚರಿತ್ರೆಯ ಪುಸ್ತಕಗಳಲ್ಲೂ ಅವರ ಹೆಸರು ಬಿಟ್ಟುಹೋಗುತ್ತಿತ್ತು, ಅದನ್ನು ಅವರೇ ದಿನಚರಿಯಲ್ಲಿ ಗುರುತಿಸಿದ್ದರು. ಅಪೂರ್ಣವಾಗಿ ಉಳಿದ ಆತ್ಮಕಥೆಯನ್ನು ಮಗಳು ಆಲ್‌ಫ್ರೀಡಾ ಡಸ್ಟರ್ ಸಂಪಾದಿಸಿ 1970ರಲ್ಲಿ ಹೊರತಂದರು. ಪುಲಿಟ್ಜರ್ ವಿಶೇಷ ಗೌರವ ಬಂದದ್ದು 2020ರಲ್ಲಿ, ಗುಂಪುಹತ್ಯೆಯನ್ನು ಒಕ್ಕೂಟದ ಅಪರಾಧವಾಗಿಸುವ ಕಾಯಿದೆ ಬಂದದ್ದು 2022ರ ಮಾರ್ಚ್‌ನಲ್ಲಿ.

ಅವರ ಕಿರುಹೊತ್ತಗೆಗಳಿಗೆ ಈಗ ಹಕ್ಕುಸ್ವಾಮ್ಯವಿಲ್ಲ, ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಮೊದಲು ‘ಸದರ್ನ್ ಹಾರರ್ಸ್’ ಓದಿ, ಒಂದೇ ಕೂತಿಗೆ ಮುಗಿಯುತ್ತದೆ. ಆಮೇಲೆ ‘ದಿ ರೆಡ್ ರೆಕಾರ್ಡ್’. ಅದರ ಪಟ್ಟಿಗಳನ್ನು ಹಾರಿಸಿ ಮುಂದೆ ಹೋಗಬೇಡಿ. ತಾರೀಕು, ಹೆಸರು, ಊರು ಎಂದು ಒಂದೊಂದು ಸಾಲನ್ನೂ ನಿಧಾನವಾಗಿ ಓದಿ. ಆತ್ಮಕಥೆ ಆ ಎರಡರ ನಂತರ.